ತಕರಾರು ಬಸ್ಸಿನ ಮೇಷ್ಟ್ರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದರೆ ಮುಂಚೆ ಅವರನ್ನು ಒಂದು ಮಾತು ಕೇಳಬೇಕಿತ್ತು. ಅವರಿದ್ದಾಗ ನನಗೆ ಬರೆಯುವ ಯೋಚನೆ ಇರಲಿಲ್ಲ, ಯೋಚನೆ ಬಂದಾಗ ಅವರಿಲ್ಲ. ಮುಂಚೆ ಹೇಳದೆ ಮಾಡಿದ ಯಾವ ಕೆಲಸವನ್ನೂ ಅವರು ಒಪ್ಪಿದವರಲ್ಲ. ಆದ್ದರಿಂದ ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಇದಕ್ಕೆ ಅವರ ತಕರಾರು ಇರಲಾರದು.

ನಂಜನಗೂಡಿನ ಒಂದು ಕಾಲೇಜಿನಲ್ಲಿ ಅವರು ವಾಣಿಜ್ಯ ಕಾನೂನು ಪಾಠ ಮಾಡುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ತಿ. ನರಸೀಪುರದಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ನಲವತ್ತೈದು ದಾಟಿತ್ತು. ಕುಳ್ಳನೆಯ ಆಳು, ದಪ್ಪ ಗಾಜಿನ ಕನ್ನಡಕ, ಇಸ್ತ್ರಿಯನ್ನೇ ಕಾಣದ ಅಂಗಿ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ನಾನು ಎಲ್ಲರ ಮುಂದೆ ಬಿಸ್ಕತ್ತಿನ ಪೊಟ್ಟಣ ಹಿಡಿದೆ. ಉಳಿದವರು ಬಿಸ್ಕತ್ತು ತೆಗೆದುಕೊಂಡರು, ಇವರು ಪೊಟ್ಟಣವನ್ನೇ ತೆಗೆದುಕೊಂಡರು. ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿದ್ದ ವಿಳಾಸವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, "ಇವರನ್ನೂ ಕೊಂಡ್ಕೊಂಡ್ರಾ" ಅಂತ ತಮ್ಮಷ್ಟಕ್ಕೆ ಹೇಳಿ ಪೊಟ್ಟಣ ವಾಪಸು ಕೊಟ್ಟರು. ಬಿಸ್ಕತ್ತು ಮುಟ್ಟಲೇ ಇಲ್ಲ. ಯಾರೋ ಸತ್ತ ಸುದ್ದಿ ಇರಬೇಕು ಅಂತ ನಾನು ಸುಮ್ಮನಾದೆ.

ಹಾಗೆ ತಿರುಗಿಸಿ ನೋಡುವುದು ಅವರ ಚಾಳಿ. ಸೋಪು, ಟೀಪುಡಿ, ಹಲ್ಲುಜ್ಜುವ ಪೇಸ್ಟು, ಮದುವೆಮನೆಯ ನೀರಿನ ಬಾಟಲಿ, ಯಾವುದು ಕೈಗೆ ಸಿಕ್ಕರೂ ಮೊದಲು ಹಿಂಭಾಗ. ಸರ್ಕಾರ ಬಾಗಿಲು ತೆರೆದು ಕಂಪನಿಗಳು ಒಂದನ್ನೊಂದು ಕೊಳ್ಳಲು ಶುರು ಮಾಡಿದ್ದ ಕಾಲ ಅದು. ಚಿಕ್ಕಂದಿನಿಂದ ನಮ್ಮದು ಅಂತ ತಿಳಿದಿದ್ದ ಸೋಪಿನ ಹಿಂದೆ ಒಂದು ದಿನ ಬೇರೆ ಕಂಪನಿಯ ಹೆಸರು ಬರುತ್ತಿತ್ತು. ಮುಂದೆ ಅದೇ ಚಿತ್ರ, ಅದೇ ಬಣ್ಣ. ಮೇಷ್ಟ್ರು ಸೋಪಿನ ಹಳೆಯ ಹೊದಿಕೆ ಒಂದು ಕೈಯಲ್ಲಿ, ಹೊಸದು ಇನ್ನೊಂದು ಕೈಯಲ್ಲಿ ಹಿಡಿದು ತರಗತಿಗೆ ಹೋಗುತ್ತಿದ್ದರು. ಹುಡುಗರು ಅವರಿಗೆ ಸೋಪು ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಗೊತ್ತಿದ್ದೂ ಬೇಜಾರು ಮಾಡಿಕೊಂಡವರಲ್ಲ.

ಅವರ ಪಾಠದ ವಿಚಿತ್ರವೆಂದರೆ, ಇಲ್ಲದ ಅಧ್ಯಾಯವೊಂದನ್ನು ಅವರು ಪ್ರತಿ ವರ್ಷವೂ ಪಾಠ ಮಾಡುತ್ತಿದ್ದರು. ಹಳೆಯ ಏಕಸ್ವಾಮ್ಯ ಕಾಯ್ದೆಯಲ್ಲಿ, ದೊಡ್ಡ ಕಂಪನಿಗಳು ಒಂದಾಗಬೇಕಾದರೆ ಮುಂಚೆ ಸರ್ಕಾರಕ್ಕೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಭಾಗವಿತ್ತು. ತೊಂಬತ್ತೊಂದರಲ್ಲಿ ಅದನ್ನು ತೆಗೆದುಹಾಕಿದರು. ಪಠ್ಯದಿಂದಲೂ ಹೋಯಿತು. ಮೇಷ್ಟ್ರು ಬಿಡಲಿಲ್ಲ. ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹಂಬಲಿಸುವ ಪೈಕಿಯೂ ಅಲ್ಲ. ದೆಹಲಿಯಲ್ಲಿ ವರ್ಷಗಟ್ಟಲೆ ಕಡತ ಕೊಳೆಯುತ್ತಿತ್ತು, ತೆಗೆದದ್ದು ಸರಿಯೇ ಅನ್ನುತ್ತಿದ್ದರು. ಅವರ ಸಂಕಟವೇ ಬೇರೆ. ಒಪ್ಪಿಗೆ ಬೇಡವೆಂದರೆ ಬೇಡ, ಮುಂಚೆ ತಿಳಿಸುವುದನ್ನೂ ಯಾಕೆ ಬಿಟ್ಟರು ಎಂಬುದು.

ನನ್ನ ತರಗತಿಗೂ ಅವರದಕ್ಕೂ ನಡುವೆ ಹಲಗೆಯ ಗೋಡೆ. ನಾನು ಹಳಗನ್ನಡ ಬಿಡಿಸುತ್ತಿದ್ದರೆ ಆ ಕಡೆಯಿಂದ ಅವರ ಧ್ವನಿ. ಹುಡುಗರಿಗೆ ಅವರು ಕಂಪನಿಯಿಂದ ಶುರು ಮಾಡುತ್ತಿರಲಿಲ್ಲ, ಜಮೀನಿನಿಂದ. ನಿಮ್ಮಪ್ಪ ಜಮೀನು ಕೊಂಡರೆ ಖಾತೆ ಬದಲಾಗುವ ಮುಂಚೆ ಏನಾಗುತ್ತದೆ? ಊರ ಚಾವಡಿಗೆ ನೋಟಿಸು ಅಂಟಿಸುತ್ತಾರೆ. ತಕರಾರು ಇದ್ದವರು ಮೂವತ್ತು ದಿನದೊಳಗೆ ಹೇಳಿ ಅನ್ನುತ್ತಾರೆ. ಯಾರೂ ಬರದಿದ್ದರೆ ಖಾತೆ ಆಯಿತು. ಅಮೆರಿಕದಲ್ಲೂ ಅಷ್ಟೇ, ದೊಡ್ಡ ಕಂಪನಿಗಳು ಕೂಡುವ ಮುಂಚೆ ತಿಳಿಸಿ ಮೂವತ್ತು ದಿನ ಕಾಯಬೇಕು. ಅಲ್ಲಿಗೆ ಬಂದಾಗ ಅವರ ಧ್ವನಿ ಏರುತ್ತಿತ್ತು. ಅಮೆರಿಕದವರು ನಮ್ಮ ಶಾನುಭೋಗರನ್ನು ನೋಡಿ ಕಾಪಿ ಹೊಡೆದಿದ್ದಾರೆ ಎಂಬುದು ಅವರ ವಾದ. ಬಿಳಿಗೆರೆ ಕಡೆಯ ಹುಡುಗನೊಬ್ಬ ಎದ್ದು, ಇದು ಪರೀಕ್ಷೆಗೆ ಬರುತ್ತಾ ಸಾ ಅಂತ ಕೇಳಿದ. "ಬರಲ್ಲ ಕಣೋ. ಅದಕ್ಕೇ ನಿಧಾನವಾಗಿ ಹೇಳ್ತಾ ಇದೀನಿ" ಅಂದರು.

ಮುಂಚೆ ಹೇಳುವುದು ಅವರಿಗೆ ಪಾಠ ಮಾತ್ರ ಆಗಿರಲಿಲ್ಲ. ಹಿತ್ತಲಿನ ನುಗ್ಗೆಮರದ ಕೊಂಬೆ ಕಡಿಸಬೇಕಾದರೆ ನೆರಳು ಬೀಳುತ್ತಿದ್ದ ಪಕ್ಕದ ಮನೆಯವರಿಗೆ ವಾರ ಮುಂಚೆ ತಿಳಿಸುತ್ತಿದ್ದರು. ದಿಢೀರ್ ಪರೀಕ್ಷೆ ಕೊಡಬೇಕಾದರೆ ಹಿಂದಿನ ದಿನವೇ, ನಾಳೆ ದಿಢೀರ್ ಪರೀಕ್ಷೆ ಇದೆ ಅನ್ನುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಗಂಟಲು ಕೆರೆಯುತ್ತಿದೆ, ಗುರುವಾರದ ಹೊತ್ತಿಗೆ ಜ್ವರ ಬರಬಹುದು ಅಂತ ಹೇಳಿಬಂದರು. ಜ್ವರ ಬುಧವಾರವೇ ಬಂತು. ಅದಕ್ಕೆ ಅವರು ಕ್ಷಮೆ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ನರಸೀಪುರದಿಂದ ನಂಜನಗೂಡಿಗೆ ನಮ್ಮ ಹೊತ್ತಿಗೆ ಸರಿಹೊಂದುತ್ತಿದ್ದದ್ದು ಎರಡು ಖಾಸಗಿ ಬಸ್ಸು. ಒಂದು ನೀಲಿ, ಒಂದು ಹಳದಿ. ನೀಲಿಯ ಮಾಲೀಕ ನಂಜನಗೂಡಿನವನು. ಅಕ್ಕಿ ವ್ಯಾಪಾರದ ಮನೆತನ, ಮೇಷ್ಟ್ರ ಹಳೆಯ ವಿದ್ಯಾರ್ಥಿ, ಚುರುಕು ಮನುಷ್ಯ. ಹಳದಿಯ ಯಜಮಾನರು ಬನ್ನೂರಿನವರು, ಮೇಷ್ಟ್ರು ಹುಟ್ಟಿ ಬೆಳೆದ ಊರಿನವರೇ, ಬಾಲ್ಯದಿಂದಲೂ ಸ್ನೇಹಿತರು. ಇಬ್ಬರಿಗೂ ಬೇರೆ ದಾರಿಗಳಲ್ಲಿ ಇನ್ನೂ ಗಾಡಿಗಳಿದ್ದವು. ಈ ಎರಡು ಬಸ್ಸಿಗೂ ಜಿದ್ದು. ಒಬ್ಬರು ಹಾಡು ಹಾಕಿದರೆ ಇನ್ನೊಬ್ಬರು ಸೀಟಿಗೆ ಹೊಸ ರೆಕ್ಸಿನ್ ಹೊಲಿಸುತ್ತಿದ್ದರು. ಮೇಷ್ಟ್ರು ಒಂದು ದಿನ ನೀಲಿ, ಮಾರನೆಯ ದಿನ ಹಳದಿ, ಹೀಗೆ ಸರದಿಯ ಮೇಲೆ ಹತ್ತುತ್ತಿದ್ದರು. ಮಳೆಯಲ್ಲಿ ನೀಲಿ ಬಸ್ಸು ಎದುರಿಗೇ ನಿಂತಿದ್ದರೂ, ಇವತ್ತು ಹಳದಿಯ ದಿನ ಅಂತ ನೆನೆಯುತ್ತಾ ಕಾದದ್ದುಂಟು. ಪಕ್ಕದಲ್ಲಿ ನಾನೂ ನೆನೆದಿದ್ದೇನೆ, ಆಗೆಲ್ಲ ಅವರ ಮೇಲೆ ನನಗಿದ್ದ ಗೌರವ ಸ್ವಲ್ಪ ಕಮ್ಮಿಯಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಹಳದಿಯ ಯಜಮಾನರಿಗೆ ಮಂಡಿನೋವು ಹೆಚ್ಚಾಯಿತು. ಡ್ರೈವರುಗಳ ಹಿಂದೆ ಓಡಾಡಲು ಆಗದೆ ವ್ಯವಹಾರವನ್ನು ನೀಲಿಯವನಿಗೇ ಬಿಟ್ಟುಕೊಡಲು ಒಪ್ಪಿದರು. ಇಬ್ಬರೂ ಜೊತೆಯಾಗಿ, ಕರಾರು ಪತ್ರ ನೀವೇ ಬರೆದುಕೊಡಿ ಅಂತ ಮೇಷ್ಟ್ರ ಮನೆಗೆ ಬಂದರು. ಮೇಷ್ಟ್ರು ಸಂತೋಷದಿಂದ ಒಪ್ಪಿ, ಒಂದು ಷರತ್ತು ಹಾಕಿದರು. ಎರಡು ಬಸ್ ಸ್ಟ್ಯಾಂಡಿನಲ್ಲೂ, ಎರಡು ಬಸ್ಸಿನೊಳಗೂ ನೋಟಿಸು ಅಂಟಿಸಬೇಕು. ಮೂವತ್ತು ದಿನ ಕಾಯಬೇಕು. ಬಂದ ತಕರಾರನ್ನು ಕೂತು ಕೇಳಬೇಕು. ಹಾಗೆ ಮಾಡಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಹಳೆಯ ಕಾಯ್ದೆ ಇದ್ದಾಗಲೂ ಅದು ದೊಡ್ಡ ದೊಡ್ಡ ಕಂಪನಿಗಳಿಗೆ, ನರಸೀಪುರದ ಬಸ್ಸಿಗಲ್ಲ. ಮೇಷ್ಟ್ರ ಮಾತು ತೆಗೆದುಹಾಕಲಾರದೆ ಇಬ್ಬರೂ ತಲೆಯಾಡಿಸಿದರು.

ನೋಟಿಸು ಬರೆಯುವ ಕೆಲಸ ನನಗೆ ಬಂತು. ನಾನು 'ಸಾರ್ವಜನಿಕರ ಅವಗಾಹನೆಗೆ' ಅಂತ ಆರಂಭಿಸಿದ್ದೆ. ಅವರು ಆ ಸಾಲನ್ನೇ ಹೊಡೆದುಹಾಕಿ, "ಇದನ್ನ ಓದೋ ಹೊತ್ತಿಗೆ ಬಸ್ಸು ಹೊರಟೋಗಿರುತ್ತಮ್ಮ" ಅಂದರು. ಕೊನೆಗೆ ಉಳಿದದ್ದು ಇಷ್ಟು: ನೀಲಿ ಬಸ್ಸಿನವರು ಹಳದಿ ಬಸ್ಸನ್ನು ಕೊಳ್ಳುತ್ತಾರೆ, ಇನ್ನು ಎರಡೂ ಒಂದೇ, ಇದರಿಂದ ತೊಂದರೆ ಆಗುವವರು ಮೂವತ್ತು ದಿನದೊಳಗೆ ಕಾಲೇಜಿಗೆ ಬಂದು ತಕರಾರು ಹೇಳಬಹುದು.

ನಮ್ಮ ತಾಲ್ಲೂಕುಗಳಲ್ಲಿ ತಕರಾರು ಎಂಬ ಪದ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಮೇಷ್ಟ್ರು ಅಂದಾಜು ಮಾಡಿರಲಿಲ್ಲ. ಇಲ್ಲಿನ ಜನ ಖಾತೆ ನೋಟಿಸು ಕಂಡರೆ, ಯಾವುದಕ್ಕೂ ಇರಲಿ ಅಂತ ಒಂದು ತಕರಾರು ಹಾಕಿಯೇ ಮನೆಗೆ ಹೋಗುವವರು. ತಕರಾರು ಕೇಳಲು ಗೊತ್ತುಮಾಡಿದ್ದ ಭಾನುವಾರ ಕಾಲೇಜಿನ ಅಂಗಳ ತುಂಬಿಹೋಯಿತು. ಒಬ್ಬರು ಪಹಣಿ, ವಂಶವೃಕ್ಷ ಎಲ್ಲ ತಂದಿದ್ದರು. ಯಾವ ಜಮೀನು ಎಂದರೆ, ಅದು ನೀವು ಹೇಳಬೇಕು, ನಮ್ಮ ಪಾಲು ಬಿಡಬಾರದು ಅಷ್ಟೇ ಅಂದರು. ಕೋಳಿಗೆ ಅರ್ಧ ಟಿಕೆಟ್ ಹಾಕಿದ್ದು, ಚಿಲ್ಲರೆ ಕೊಡದ ಕಂಡಕ್ಟರು, ಬಸ್ಸಿನಲ್ಲಿ ಕಳೆದ ಕೊಡೆ, ಎಲ್ಲವೂ ಬಂದವು. ಅಣ್ಣತಮ್ಮಂದಿರಿಬ್ಬರು ಒಬ್ಬರ ಮೇಲೊಬ್ಬರು ತಕರಾರು ಹಾಕಿದರು. ಬಸ್ಸಿಗೂ ಅದಕ್ಕೂ ಏನು ಸಂಬಂಧವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನೀಲಿಯ ಮಾಲೀಕ ಹಿಂದಿನ ಬೆಂಚಿನಲ್ಲಿ ಹಳದಿಯ ಯಜಮಾನರ ಪಕ್ಕ ಕೂತು ನಗುತ್ತಿದ್ದ. ಮೇಷ್ಟ್ರು ನಗಲಿಲ್ಲ. ಒಬ್ಬೊಬ್ಬರನ್ನೂ ಕೂರಿಸಿ, ಪೂರ್ತಿ ಕೇಳಿ, ನಮಸ್ಕಾರ ಮಾಡಿ ಕಳಿಸಿದರು. ನನಗೋ ಹೊಟ್ಟೆ ಹಸಿದು, ಇದೆಂಥ ಹುಚ್ಚಪ್ಪಾ ಅನ್ನಿಸಿಬಿಟ್ಟಿತ್ತು.

ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ಒಬ್ಬ ಹೆಂಗಸು ಉಳಿದಿದ್ದಳು. ಮಹದೇವಮ್ಮ ಅಂತ. ರಸ್ತೆಯ ನಡುವಿನ ಹಳ್ಳಿಯವಳು, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಇಬ್ಬರು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಬರುತ್ತಿದ್ದಳು. ಸಂಕೋಚದಿಂದ ಸೆರಗು ಹಿಡಿದುಕೊಂಡೇ ಮಾತಾಡಿದಳು.

"ನೀಲಿ ಬಸ್ಸು ಸಂಜೆ ಟೈಮಿಗೆ ಒಂಟೋಯ್ತದೆ ಸಾ. ಒಂದೊಂದ್ ದಿನ ಫ್ಯಾಕ್ಟ್ರಿಲಿ ನಮ್ಮ ಬುಡಾದು ತಡ ಆಯ್ತದೆ. ಅವ್ರು ಬುಟ್ಟೋದೋರ ತುಂಬ್ಕಳವಾ ಅಂತ ಹಳದಿ ಬಸ್ನೋರು ನಿಂತಿರ್ತರೆ. ಅವ್ರ ಅಟಕ್ಕೆ ನಾವು ಮನೆ ಸೇರ್ಕತೀವಿ. ಇಬ್ರೂ ಒಂದಾದ್ರೆ ನಮ್ಗೋಸ್ಕರ ಯಾರ್ ಸಾ ನಿಂತ್ಕಂಡಾರು?"

ಬಸ್ಸು ಸಿಕ್ಕದಿದ್ದರೆ ಏನು ಮಾಡುತ್ತೀಯಮ್ಮ ಅಂತ ಮೇಷ್ಟ್ರು ಕೇಳಿದರು. ಕೆಲಸ ಬಿಡುವುದೇ ಅಂದಳು. ಅವಳಂಥವರು ಆ ದಾರಿಯ ಹಳ್ಳಿಗಳಲ್ಲಿ ಇನ್ನೂ ಹಲವರಿದ್ದರು.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಆಮೇಲೆ ಹಿಂದಿನ ಬೆಂಚಿನ ಕಡೆ ತಿರುಗಿ, ಕೂಡುವುದು ಬೇಡವೆಂದು ನಾನು ಹೇಳುವುದಿಲ್ಲ, ಕೂಡಿ, ಆದರೆ ಸಂಜೆಯ ಹಳದಿ ಬಸ್ಸು ಈಗ ಹೇಗೆ ಕಾಯುತ್ತದೋ ಹಾಗೆಯೇ ಕಾಯಬೇಕು ಅಂದರು. ನೀಲಿಯವನ ನಗು ನಿಂತಿತು. ಡೀಸೆಲ್ ಖರ್ಚೂ ಹುಟ್ಟದ ಟ್ರಿಪ್ಪು ಅದು, ಎದುರಾಳಿ ಇದ್ದಾಗ ಹಟಕ್ಕೆ ಓಡಿಸಬಹುದು, ನನ್ನ ಮೇಲೆ ನಾನೇ ಹಟ ಮಾಡಲಾ ಅಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಳದಿಯ ಯಜಮಾನರಿಗಂತೂ ಕೋಪ ನೆತ್ತಿಗೇರಿತು. ಇಷ್ಟು ವರ್ಷದ ಸ್ನೇಹಕ್ಕೆ ನನ್ನ ವ್ಯಾಪಾರಕ್ಕೇ ಅಡ್ಡಗಾಲು ಹಾಕಿದೆಯಲ್ಲ ಅಂದವರೇ ಕೋಲೂರಿಕೊಂಡು ಹೊರಟರು. ಮೇಷ್ಟ್ರ ಮುಖ ಬಾಡಿದ್ದನ್ನು ನೋಡಿದೆ.

ನೀಲಿಯವನೂ ಎದ್ದ. ಪತ್ರ ಬರೆಯಲು ನಂಜನಗೂಡಿನಲ್ಲಿ ವಕೀಲರಿಗೇನು ಬರವೇ ಅಂದ. ಮೇಷ್ಟ್ರು ಇಲ್ಲವೆನ್ನಲಿಲ್ಲ.

"ಹೋಗಪ್ಪ, ಬರೆಸ್ಕೊ. ನಾನೇನ್ ಮಾಡ್ತೀನಿ ಅನ್ನೋದನ್ನ ಈಗಲೇ ಹೇಳ್ಬಿಡ್ತೀನಿ, ಆಮೇಲೆ ಹೇಳಲಿಲ್ಲ ಅನ್ಬೇಡ. ಹಳದಿ ಬಸ್ಸು ನಿಂತ ದಿನದಿಂದ ಸಂಜೆ ಸ್ಟ್ಯಾಂಡಲ್ಲಿ ಆ ಹೆಂಗಸರ ಜೊತೆ ನಾನೂ ನಿಂತಿರ್ತೀನಿ. ಅವರು ಮನೆಗೆ ಹೋದ ಮೇಲೆ ನಾನು ಹೋಗೋದು."

ಮೂವತ್ತು ದಿನ ಮುಗಿಯಿತು. ಬೇರೆ ವಕೀಲರ ಬಳಿ ಪತ್ರವೂ ಆಯಿತು, ಸಾರಿಗೆ ಕಚೇರಿಯ ಕೆಲಸವೂ ಆಯಿತು. ನೋಟಿಸಿನ ಕಾಗದ ಬಸ್ಸಿನ ಗಾಜಿನ ಮೇಲೆ ಅರ್ಧ ಹರಿದು ಉಳಿದಿತ್ತು. ಒಂದು ಸೋಮವಾರ ಸಂಜೆ ನೀಲಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದು ಹೊರಟಿತು. ಹಳದಿ ಬರಲಿಲ್ಲ. ಮೇಷ್ಟ್ರು ನೀಲಿ ಹತ್ತಲಿಲ್ಲ. ಅವರನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಉಳಿದೆ. ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ಹೆಂಗಸರು ಓಡೋಡಿ ಬಂದರು. ಬಸ್ಸಿಲ್ಲದ ಜಾಗವನ್ನು ನೋಡಿ ನಿಂತರು. ಮೇಷ್ಟ್ರು ಹೋಗಿ ಅವರ ಸಾಲಿನ ಕೊನೆಗೆ ನಿಂತುಕೊಂಡರು. ಘೋಷಣೆ ಇಲ್ಲ, ಭಾಷಣ ಇಲ್ಲ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕೊಡೆ.

ಸ್ಟ್ಯಾಂಡಿನಲ್ಲಿದ್ದ ಅರ್ಧ ಜನ ಅವರ ಶಿಷ್ಯರೇ. ಹಣ್ಣಿನ ಅಂಗಡಿಯವನು ಸ್ಟೂಲು ತಂದುಕೊಟ್ಟ, ಮೇಷ್ಟ್ರು ಅದರ ಮೇಲೆ ಮಹದೇವಮ್ಮನನ್ನು ಕೂರಿಸಿದರು. ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ನೀಲಿಯ ಮಾಲೀಕ ಸ್ಕೂಟರಿನಲ್ಲಿ ಬಂದ. ಕಾಲು ನೋಯುತ್ತದೆ, ಹತ್ತಿ ಮೇಷ್ಟ್ರೇ, ನರಸೀಪುರಕ್ಕೆ ನಾನೇ ಬಿಡುತ್ತೇನೆ ಅಂದ.

"ಇವರನ್ನೆಲ್ಲ ಹೆಂಗಪ್ಪ ಕೂರಿಸ್ತೀಯ ಇದರ ಮೇಲೆ?"

ಅವನು ಹೆಂಗಸರನ್ನು ನೋಡಿದ, ಸ್ಕೂಟರನ್ನು ನೋಡಿದ. ಗಾಡಿ ತಿರುಗಿಸಿಕೊಂಡು ಹೋದ. ಮೇಷ್ಟ್ರು ಸೋತರು ಅಂತಲೇ ನಾನು ತಿಳಿದೆ. ದೀಪ ಹತ್ತುವ ಹೊತ್ತಿಗೆ ಷೆಡ್ಡಿನ ಕಡೆಯಿಂದ ಹಳದಿ ಬಸ್ಸು ಬಂತು. ಡ್ರೈವರು ಮನೆಗೆ ಹೋಗಿದ್ದನಂತೆ, ಮಾಲೀಕನೇ ಸ್ಟಿಯರಿಂಗ್ ಹಿಡಿದಿದ್ದ. ಹೆಂಗಸರು ಹತ್ತಿದ ಮೇಲೆ ಮೇಷ್ಟ್ರು ಹತ್ತಿದರು, ಟಿಕೆಟ್ಟಿಗೆ ದುಡ್ಡು ಕೊಟ್ಟು ಚೀಟಿ ಕೇಳಿ ಪಡೆದರು. ಇಳಿಯುವಾಗ ಮೇಷ್ಟ್ರು ಮಾಲೀಕನ ಹೆಗಲ ಮೇಲೆ ಕೈಯಿಟ್ಟು, ನಾಳೆ ಬರದಿದ್ದರೆ ಮಧ್ಯಾಹ್ನವೇ ಹೇಳಿ ಕಳಿಸು, ಇವರು ಓಡಿ ಬರುವುದಾದರೂ ತಪ್ಪುತ್ತದೆ ಅಂದರು. ಅವನು ತಲೆ ತಗ್ಗಿಸಿದ. ಆವತ್ತು ನಾನು ಅವರ ಹಿಂದೆ ಇಳಿಯುತ್ತಾ, ಇಂಥವರ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದೇನಲ್ಲ ಅಂತ ಹೆಮ್ಮೆಪಟ್ಟೆ. ಮಳೆಯಲ್ಲಿ ನೆನೆದದ್ದಕ್ಕೆಲ್ಲ ಅಲ್ಲಿಗೆ ಸರಿಹೋಯಿತು.

ಮಾರನೆಯ ದಿನ ಬಸ್ಸು ಬಂತು. ಅದರ ಮಾರನೆಯ ದಿನವೂ ಬಂತು. ಉಳಿದ ಹಳದಿ ಗಾಡಿಗಳಿಗೆಲ್ಲ ನೀಲಿ ಬಣ್ಣ ಬಳಿಸಿದವನು ಇದೊಂದನ್ನು ಮಾತ್ರ ಹಾಗೆಯೇ ಬಿಟ್ಟ. ಅದಕ್ಕೆ ಜನ ತಕರಾರು ಬಸ್ಸು ಅಂತ ಹೆಸರಿಟ್ಟರು. ಕಾರ್ಖಾನೆ ಬಿಡುವುದು ತಡವಾದರೆ, ಪರವಾಗಿಲ್ಲ, ತಕರಾರು ಇದೆ ಅನ್ನುವ ಮಾತು ಸ್ಟ್ಯಾಂಡಿನಲ್ಲಿ ಸಾಮಾನ್ಯವಾಯಿತು. ಬನ್ನೂರಿನ ಯಜಮಾನರು ಒಂದು ವರ್ಷ ಮೇಷ್ಟ್ರ ಮನೆಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ಕೋಲೂರಿಕೊಂಡು ಬಂದರಂತೆ. ಬರುವ ಮುಂಚೆ ಹೇಳಿ ಕಳಿಸಿದ್ದರು ಅಂತ ಮೇಷ್ಟ್ರು ನನ್ನ ಬಳಿ ಎರಡು ಸಲ ಹೇಳಿದರು.

ಹೊಸ ಶತಮಾನ ಬಂದು, ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಸ್ಪರ್ಧಾ ಕಾಯ್ದೆ ಬಂತು. ವಿಲೀನದ ಅಧ್ಯಾಯ ಮತ್ತೆ ಸೇರಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಮೇಷ್ಟ್ರು ರಸಬಾಳೆ ಗೊನೆಯನ್ನೇ ಹೊತ್ತು ಸ್ಟಾಫ್ ರೂಮಿಗೆ ಬಂದರು. ನಾವೆಲ್ಲ ತಿಂದು ಕೈ ತೊಳೆದ ಮೇಲೆ ಅವರು ಪೂರ್ತಿ ಓದಿದರು. ಇಷ್ಟವಿದ್ದರೆ ಮುಂಚೆ ತಿಳಿಸಬಹುದು, ಕಡ್ಡಾಯವಿಲ್ಲ ಅಂತಿತ್ತು. ಅದೂ ಜಾರಿಗೆ ಬಂದಿರಲಿಲ್ಲ. "ಹಣ್ಣು ವಾಪಸ್ ಕೊಡಿ ಅನ್ನೋ ಹಾಗೂ ಇಲ್ಲವಲ್ಲಮ್ಮ" ಅಂದರು. ಮುಂದೆ ತಿದ್ದುಪಡಿಯಾಗಿ ಕಡ್ಡಾಯವೂ ಆಯಿತು, ಜಾರಿ ಮಾತ್ರ ಆಗಲಿಲ್ಲ. ಅಷ್ಟರಲ್ಲಿ ಸಿಮೆಂಟು, ಉಕ್ಕು, ಫೋನು, ಬ್ಯಾಂಕು, ಎಲ್ಲದರಲ್ಲೂ ಕೊಳ್ಳುವವರ ಭರಾಟೆ. ನಮ್ಮ ಕಂಪನಿಗಳೇ ಸಮುದ್ರ ದಾಟಿ ಕೊಳ್ಳಲು ಹೋದವು. ನಿವೃತ್ತರಾಗಿದ್ದ ಮೇಷ್ಟ್ರು ಸಿಕ್ಕಾಗಲೆಲ್ಲ ನನ್ನ ಚೀಲದಲ್ಲಿದ್ದ ಟೀಪುಡಿಯೋ ಸೋಪೋ ತೆಗೆದು ಹಿಂಭಾಗ ಓದುತ್ತಿದ್ದರು. ಆ ಅಧ್ಯಾಯ ಜಾರಿಯಾದ ಮೇಲೆ ಕಾಲೇಜಿಗೆ ಬಂದು ಒಂದೇ ಒಂದು ತರಗತಿ ತೆಗೆದುಕೊಳ್ಳುತ್ತೇನೆ, ಈಗಲೇ ಹೇಳಿದ್ದೇನೆ ಅನ್ನುತ್ತಿದ್ದರು. ಅದು ಜಾರಿಗೆ ಬಂದಾಗ ಅವರಿರಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ. ಕಾಫಿ ಕುಡಿದು, ಪೇಪರು ಬಿಡಿಸಿಕೊಂಡು ಕೂತವರು ಹಾಗೆಯೇ ಒರಗಿದರಂತೆ. ಹಿಂದಿನ ದಿನ ಎದೆನೋವಿಲ್ಲ, ಸುಸ್ತಿಲ್ಲ. ಹೆಂಡತಿಗೂ ಗೊತ್ತಾಗಲಿಲ್ಲ. ನದಿಯ ದಡದಲ್ಲಿ ಎಲ್ಲ ಮುಗಿಯುವವರೆಗೂ ನೀಲಿ ಬಸ್ಸಿನ ಮಾಲೀಕ ಚಪ್ಪಲಿಯಿಲ್ಲದೆ ನಿಂತಿದ್ದ.

ಎರಡು ದಿನ ಕಳೆದು ಕಾಲೇಜಿಗೆ ಹೋದೆ. ಸಂಜೆ ನೀಲಿ ಬಸ್ಸನ್ನು ಬಿಟ್ಟು, ಹಳದಿಯ ಒಳಗೆ ಕೂತೆ. ಕಾರ್ಖಾನೆಯ ಹೆಂಗಸರು ಬಂದು ಹತ್ತುವವರೆಗೂ ಡ್ರೈವರು ಕಾದ. ಮಹದೇವಮ್ಮ ನನ್ನ ಪಕ್ಕಕ್ಕೆ ಬಂದು ಕೂತಳು. ತಲೆ ನರೆತಿತ್ತು, ಮಗಳು ಅಷ್ಟರಲ್ಲಿ ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಳು. ಸುದ್ದಿ ತಿಳಿದಿತ್ತು. ಊರು ಬರುವವರೆಗೆ ಅವಳು ಸೀಟಿನ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ಇಳಿಯಲು ಎದ್ದವಳು ತಿರುಗಿದಳು.

"ಎಲ್ಲಾರ್ಗೂ ಮುಂಚೆ ಯೋಳಿ ಅಂತಿದ್ದೋರು, ಒಂದ್ ಮಾತೂ ಯೋಳ್ದೆ ಓಗ್ಬುಟ್ರಲ್ಲ ಮೇಡಂ. ಈಗ ನನ್ ತಕರಾರ ಯಾರ್ಗೆ ಯೋಳ್ಲಿ?"

ಅವಳು ಕಣ್ಣೊರೆಸಿಕೊಂಡು ಇಳಿದಳು. ಅವಳ ಹಿಂದೆ ಇಳಿಯುವವರೆಲ್ಲ ಇಳಿದರೋ ಇಲ್ಲವೋ ಅಂತ ಡ್ರೈವರು ಒಮ್ಮೆ ತಿರುಗಿ ನೋಡಿ, ಗಾಡಿ ಬಿಟ್ಟ.